ಮಲಗಿಸಬಾರದವರ ಪಟ್ಟಿ

ಹೊಸ ಆವೃತ್ತಿ ಬಿಡುಗಡೆಯಾದ ದಿನದಿಂದ ಸಮಸ್ತ ಡಿಸ್ಕುಗಳೂ ಕೆಲಸವಿಲ್ಲದ ವೇಳೆಯಲ್ಲಿ ಮಲಗತಕ್ಕದ್ದೆಂದು ಕರ್ನಲ್ ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿತು. ಒಬ್ಬಾಕೆ ಮಾತ್ರ ಬೇಡವೆಂದಿದ್ದಳು. ಆದರೆ ಮಂಡಳಿಯ ನಡಾವಳಿ ನಿಯಮಗಳ ಪ್ರಕಾರ, ಚರ್ಚೆಗೆ ಬಂದ ವಿಷಯವನ್ನು ಚೆನ್ನಾಗಿ ಬಲ್ಲವರ ಮತವು ಪೂರ್ವಗ್ರಹದಿಂದ ಕೂಡಿರುವ ಸಂಭವವಿರುವುದರಿಂದ ಅದನ್ನು ಎಣಿಕೆಗೆ ತೆಗೆದುಕೊಳ್ಳುವಂತಿರಲಿಲ್ಲ. ಹೀಗಾಗಿ ಸರ್ವಾನುಮತಕ್ಕೆ ಯಾವ ಧಕ್ಕೆಯೂ ಬರಲಿಲ್ಲ.

ಕರ್ನಲ್ ಅಂದರೇನು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಒಳಗೆ ಕೂತುಕೊಂಡು, ಯಾರು ಯಾವಾಗ ಏನು ಮಾಡಬೇಕು ಎಂದು ಹೇಳುವ ಯಜಮಾನನಂಥ ತಂತ್ರಾಂಶ ಅದು. ಆಸ್ಪತ್ರೆಯ ಕಂಪ್ಯೂಟರಿನಿಂದ ಹಿಡಿದು ಬಸ್ಸಿನ ಟಿಕೆಟ್ ಯಂತ್ರದವರೆಗೆ ಎಲ್ಲದರಲ್ಲೂ ಮಂಡಳಿಯ ಕರ್ನಲ್ಲೇ ಇತ್ತು. ಅದರಲ್ಲಿ ಡಿಸ್ಕಿನ ಜೊತೆ ಮಾತಾಡುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಆ ಡ್ರೈವರನ್ನು ಬರೆದು, ತಿದ್ದಿ, ಹುಷಾರಿಲ್ಲದಾಗ ಆರೈಕೆ ಮಾಡುವ ಹುದ್ದೆಗೆ ‘ಸಂಗ್ರಹ ಚಾಲಕ ತಂತ್ರಾಂಶ ಸಂರಕ್ಷಕಿ’ ಎಂಬ ಹೆಸರಿತ್ತು. ಅಷ್ಟುದ್ದ ಹೇಳುವಷ್ಟರಲ್ಲಿ ಟೀ ಆರಿಹೋಗುತ್ತದೆಂದು ಕಚೇರಿಯವರೆಲ್ಲ ಅವಳನ್ನು ಡಿಸ್ಕಮ್ಮ ಎಂದೇ ಕರೆಯುತ್ತಿದ್ದರು. ಬೇಡವೆಂದವಳು ಅವಳೇ.

ಇನ್ನು ಡಿಫಾಲ್ಟ್. ಡಿಫಾಲ್ಟ್ ಅಂದರೆ ನೀವು ಬಾಯಿ ಬಿಡದೇ ಇದ್ದಾಗ ನಿಮ್ಮ ಪರವಾಗಿ ಬೇರೆಯವರು ಆಡಿದ ಮಾತು. ಡಿಸ್ಕು ಎಚ್ಚರವಾಗಿರಬೇಕೋ ಮಲಗಬೇಕೋ ಎಂದು ಯಂತ್ರದ ಒಡೆಯ ಹೇಳದಿದ್ದರೆ ಮಲಗಲಿ ಎಂಬುದು ಹೊಸ ಡಿಫಾಲ್ಟು. ಇದರಿಂದ ವಿದ್ಯುತ್ತು ಉಳಿಯುತ್ತದೆ ಎಂದು ಮಂಡಳಿಯ ಉಳಿತಾಯಾಧಿಕಾರಿಗಳು ಬಣ್ಣಬಣ್ಣದ ಗೆರೆಗಳನ್ನು ಗೋಡೆಯ ಮೇಲೆ ಮೂಡಿಸಿ ತೋರಿಸಿದ್ದರು. ಗೆರೆಗಳೆಲ್ಲ ಕೆಳಕ್ಕೆ ಇಳಿದಿದ್ದವು. ಸಭೆ ಚಪ್ಪಾಳೆ ತಟ್ಟಿತ್ತು.

ಡಿಸ್ಕಮ್ಮ ಎದ್ದು ನಿಂತಿದ್ದಳು. “ಮಲಗಲಿ ಸರ್, ಪಾಪ, ಬೇಡ ಅನ್ನಲ್ಲ. ಆದ್ರೆ ಈ ಡಿಸ್ಕುಗಳಲ್ಲಿ ಅರ್ಧಕ್ಕರ್ಧ ನಿದ್ದೆಯಿಂದ ಎದ್ದಾಗ ಹೇಳಿದ ಮೊದಲನೇ ಮಾತನ್ನ ಬರ್ಕೊಳ್ಳೋದೇ ಇಲ್ಲ. ‘ಹೂಂ, ಆಯ್ತು, ಬರ್ಕೊಂಡೆ’ ಅಂತವೆ. ಊಟ ಮಾಡಿ ಒರಗಿದವರನ್ನ ಎಬ್ಬಿಸಿ ಏನಾದ್ರೂ ಹೇಳಿ ನೋಡಿ, ಹಾಗೇ. ಎರಡನೇ ಮಾತಿಂದ ಎಲ್ಲ ಸರಿಯಾಗಿ ಕೇಳಿಸ್ಕೊಳ್ತವೆ. ಮೊದಲನೇದು ಮಾತ್ರ ಹೋಯ್ತು.”

“ನನ್ನ ಪರೀಕ್ಷೆಯಲ್ಲಿ ಒಂದೇ ಒಂದು ಮಾತೂ ಹೋಗಿಲ್ಲ” ಎಂದರು ಉಳಿತಾಯಾಧಿಕಾರಿಗಳು.

“ನಿಮ್ಮ ಪರೀಕ್ಷೆಯ ಡಿಸ್ಕಿಗೆ ಯಾವ ಕಂಪ್ಯೂಟರನ್ನೂ ಜೋಡಿಸಿರಲಿಲ್ಲ ಸರ್. ಬರೀ ಕರೆಂಟ್ ಕೊಟ್ಟಿದ್ರಿ. ಅದರ ಹತ್ರ ಮಾತಾಡೋರೇ ಇರಲಿಲ್ಲ.”

“ಅದನ್ನೇ ನಾನೂ ಹೇಳ್ತಿರೋದು. ಒಂದೂ ಹೋಗಿಲ್ಲ.”

ಮಂಡಳಿಯ ನಿರ್ದೇಶಕರು ಯಾರ ಮನಸ್ಸನ್ನೂ ನೋಯಿಸುವವರ ಪೈಕಿ ಅಲ್ಲ. ಅವರು ಇಬ್ಬರ ಕಡೆಗೂ ನೋಡಿ ನಕ್ಕು, ಪರಿಹಾರವೇನಾದರೂ ಇದೆಯೇ ಎಂದು ಕೇಳಿದರು. ಡಿಸ್ಕಮ್ಮ ಇದೆ ಎಂದಳು. ಡ್ರೈವರಿನ ಭಾಷೆಯಲ್ಲಿ ಮೂರು ಅಂದರೆ ಮಲಗು, ಒಂದು ಅಂದರೆ ಎಚ್ಚರವಾಗಿರು; ಮೂರು ಎಂದಿರುವ ಕಡೆ ಒಂದು ಎಂದು ತಿದ್ದಿದರೆ ಹಳೆಯ ಪದ್ಧತಿಯೇ ಉಳಿಯುತ್ತದೆ, ಬೇಕಾದವರು ಮಲಗಿಸಿಕೊಳ್ಳಲಿ ಎಂದಳು. ನಿರ್ದೇಶಕರು ನಿಯಮಾವಳಿ ತರಿಸಿ ನೋಡಿದರು. ಸಮಿತಿಯ ಪರಿಶೀಲನೆಯಿಲ್ಲದೆ ಯಾವ ತಿದ್ದುಪಡಿಯನ್ನೂ ಮಾಡುವಂತಿಲ್ಲ ಎಂದಿತ್ತು. ಒಂದೇ ಅಂಕಿಯ ತಿದ್ದುಪಡಿಗೆ ಸಮಿತಿ ರಚಿಸುವಂತಿಲ್ಲ ಎಂದೂ ಇತ್ತು. ಎರಡನ್ನೂ ಒಬ್ಬರೇ ಬರೆದಿದ್ದರು. ಅವರಿಗೆ ಬಡ್ತಿಯಾಗಿತ್ತು.

“ಬೇಡವಾದವರು ತಮ್ಮ ಯಂತ್ರದಲ್ಲಿ ಬದಲಿಸಿಕೊಳ್ಳಬಹುದಲ್ಲಮ್ಮ” ಎಂದು ನಿರ್ದೇಶಕರು ಸಮಾಧಾನ ಹೇಳಿದರು. ಹಲವರು ಬದಲಿಸಿಕೊಂಡರು ಕೂಡ. ಬೆಳಿಗ್ಗೆ ಬಂದವರೇ ಯಂತ್ರ ಹಾಕಿ, ‘ಇನ್ನು ಮೇಲೆ ಮಲಗಬೇಡ’ ಎಂದು ಮೊಟ್ಟಮೊದಲು ಅದನ್ನೇ ಬರೆಸಿದರು. ಡಿಸ್ಕು ಬರೆದುಕೊಂಡೆ ಎಂದಿತು.

ಹೊಸ ಡಿಫಾಲ್ಟಿನಿಂದ ಸಮಾಜಕ್ಕೆ ಆದ ಒಳ್ಳೆಯದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಕಚೇರಿಗಳಲ್ಲಿ, ಬಿಡುವಿನ ನಂತರ ಕೌಂಟರಿನ ಮುಂದೆ ಮೊದಲು ನಿಂತವರ ಕೆಲಸ ದಾಖಲಾಗುವುದಿಲ್ಲ ಎಂಬುದು ಜನರಿಗೆ ಬೇಗ ತಿಳಿದುಹೋಯಿತು. ನೂಕಾಡುತ್ತಿದ್ದ ಜನ ನೂಕುವುದನ್ನು ಬಿಟ್ಟರು. “ಛೇ ಛೇ, ನೀವು ಮೊದಲು”, “ಎಲ್ಲಾದರೂ ಉಂಟೇ, ಹಿರಿಯರು ನೀವು, ನೀವೇ ಮುಂದೆ ನಡೀರಿ” ಎಂಬ ಮಾತುಗಳು ಕೇಳಿಬಂದವು. ಒಬ್ಬ ಬುದ್ಧಿವಂತ ಮಾತ್ರ ಡಿಸ್ಕನ್ನು ಎಬ್ಬಿಸಲೆಂದು ಮೊದಲು ಇಲ್ಲದ ಮಗುವೊಂದನ್ನು ನೋಂದಾಯಿಸಿದ. ಅವನ ದುರದೃಷ್ಟಕ್ಕೆ ಡಿಸ್ಕು ಆಗ ಎಚ್ಚರವಾಗೇ ಇತ್ತು. ಆ ಮಗುವಿಗೆ ಶಾಲೆಯಿಂದ ಗೈರುಹಾಜರಿ ನೋಟಿಸು ಬರುತ್ತಿದೆಯಂತೆ. ‘ನಾಗರಿಕರಲ್ಲಿ ಸೌಜನ್ಯವು ಗಣನೀಯವಾಗಿ ಏರಿದೆ’ ಎಂದು ಮಂಡಳಿ ತನ್ನ ವರದಿಯಲ್ಲಿ ಬರೆದುಕೊಂಡಿತು.

ಹೀಗೆ ಸೌಜನ್ಯ ಏರಿದ್ದ ಕಾಲದಲ್ಲೇ ಡಿಸ್ಕಮ್ಮನ ತಂಗಿಗೆ ಹೆಣ್ಣು ಮಗುವಾಯಿತು.

ತಂಗಿ ಬಸ್ ಕಂಡಕ್ಟರ್. ಮಗು ಹುಟ್ಟಿ ಕೆಲವು ವಾರಗಳಾದ ಮೇಲೆ ಜನನ ನೋಂದಣಿಗೆಂದು ಹೋಗಿ ಬಂದವಳು ಅಕ್ಕನಿಗೆ ಫೋನ್ ಮಾಡಿದಳು. “ಅಕ್ಕಾ, ಎಂಥಾ ಒಳ್ಳೇ ಜನ ಗೊತ್ತಾ! ಬಸ್ಸಲ್ಲಿ ನೋಡಿ ನೋಡಿ ಜನರ ಮೇಲೆ ನಂಬಿಕೇನೇ ಹೋಗಿತ್ತು. ಮಗು ಮುಖ ನೋಡಿದ್ದೇ ತಡ, ಸಾಲಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ನನ್ನನ್ನೇ ಮುಂದೆ ಬಿಟ್ಟರು.”

ಡಿಸ್ಕಮ್ಮ ನಡುವೆಯೇ ಬಾಯಿ ಹಾಕಿದಳು. “ಕೌಂಟರ್ ಆಗ ತಾನೇ ತೆಗೆದಿದ್ರಾ?”

“ಹೂಂ. ನಾನೇ ಮೊದಲನೆಯವಳು.”

“ಅಯ್ಯೋ ನಿನ್ನ! ನನ್ನ ಒಂದು ಮಾತು ಕೇಳಬಾರದಿತ್ತೇನೇ?”

ಕೇಳಿದ್ದರೆ ಹೇಳುತ್ತಿದ್ದಳು. ಆದರೆ ಅಕ್ಕ ಕೆಲಸ ಮಾಡುವ ಕಡೆಯಿಂದಲೇ ಹೊರಟ ಅವಾಂತರ ಇದು ಎಂದು ತಂಗಿಗೇನು ಗೊತ್ತು? ಡಿಸ್ಕಮ್ಮನಿಗೆ ಅಂದು ಸಭೆಯಲ್ಲಿ ಇನ್ನೂ ಸ್ವಲ್ಪ ಜೋರಾಗಿ ಕೂಗಾಡಬೇಕಿತ್ತು ಅನ್ನಿಸಿತು.

ಸ್ವಲ್ಪ ದಿನದಲ್ಲೇ ಬಸ್ ಡಿಪೋದಿಂದ ತಂಗಿಗೆ ಪತ್ರ ಬಂತು. ‘ಸರ್ಕಾರಿ ದಾಖಲೆಗಳಲ್ಲಿ ಮಗು ಕಂಡುಬರದ ಕಾರಣ, ಮಗುವಿನ ಆರೈಕೆಗೆಂದು ತಾವು ಪಡೆದಿರುವ ರಜೆಯು ಆಧಾರರಹಿತವಾಗಿದೆ. ತಾವು ಈ ತಿಂಗಳ ಕೊನೆಯೊಳಗೆ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಬರುವಾಗ ಮಗುವನ್ನು ಕರೆತರುವಂತಿಲ್ಲ.’

ಪತ್ರ ಓದಿಸಿಕೊಂಡ ಅಮ್ಮ ದೊಡ್ಡ ಮಗಳ ಮೇಲೇ ಹರಿಹಾಯ್ದಳು. “ಹಾಲು ಕುಡಿಯೋ ಕೂಸನ್ನ ಬಿಟ್ಟು ಇವಳು ಬಸ್ ಹತ್ತಿ ಟಿಕೆಟ್ ಹರೀಬೇಕಾ? ದಿನಾ ಆ ಡಿಸ್ಕಿನ ಸೇವೆ ಮಾಡ್ತೀಯಲ್ಲ, ಒಂದು ಮಾತು ಹೇಳೋಕಾಗಲ್ವಾ ಅದಕ್ಕೆ?”

“ಹೇಳಬಹುದಮ್ಮ. ಅದು ಎದ್ದಿರಬೇಕಲ್ಲ.”

“ಎಬ್ಬಿಸು! ನಿನ್ನನ್ನ ಶಾಲೆಗೆ ನಾನು ಎಬ್ಬಿಸ್ತಿರಲಿಲ್ವಾ, ಮುಖಕ್ಕೆ ನೀರು ಹಾಕಿ?”

ಡಿಸ್ಕಮ್ಮ ಮಾರನೆಯ ದಿನ ನೋಂದಣಿಯ ದಿನ ತಂಗಿಗೆ ಕೊಟ್ಟಿದ್ದ ರಸೀದಿ ಹಿಡಿದು ನೋಂದಣಿ ಕಚೇರಿಗೆ ಹೋದಳು. ಕೌಂಟರಿನಲ್ಲಿದ್ದ ಗುಮಾಸ್ತ ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿ ಸಂತೋಷಪಟ್ಟ.

“ನೋಂದಣಿ ಆಗಿದೆಯಲ್ಲಮ್ಮ.”

“ಹಾಗಾದ್ರೆ ಪ್ರಮಾಣಪತ್ರ ಕೊಡಿ.”

“ದಾಖಲೆ ಇಲ್ಲವಲ್ಲ. ಎಲ್ಲಿಂದ ಕೊಡಲಿ?”

“ಇಲ್ಲ ಅಂದ್ರೆ ಇನ್ನೊಂದು ಸಲ ನೋಂದಾಯಿಸಿ.”

“ನೋಂದಾಯಿಸಿದ ಮಗುವನ್ನೇ ಇನ್ನೊಂದು ಸಲ ನೋಂದಾಯಿಸಿದ್ರೆ ಅವಳಿ ಆಗುತ್ತಮ್ಮ. ಅವಳಿ ಜವಳಿಗೆ ಬೇರೆ ಕೌಂಟರು.”

“ಆಗಲಿ, ಆ ಕೌಂಟರಿಗೇ ಹೋಗ್ತೀನಿ.”

“ಅಲ್ಲಿ ಎರಡೂ ಮಕ್ಕಳನ್ನ ತೋರಿಸಬೇಕು” ಎಂದ ಗುಮಾಸ್ತ. ಕೆಟ್ಟವನಲ್ಲ. ಮಗು ಹೇಗಿದೆ, ರಾತ್ರಿ ಅಳುತ್ತದಾ, ಮೈ ಕೈ ತುಂಬಿಕೊಂಡಿದೆಯಾ ಎಂದೆಲ್ಲ ಕೇಳಿ ತಿಳಿದುಕೊಂಡ.

ತಿಂಗಳು ಮುಗಿಯುತ್ತಾ ಬಂದಿತ್ತು. ತಂಗಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಬಾಗಿಲಿನ ಹಿಂದೆ ತೂಗುಹಾಕಿದ್ದಳು. ಅದನ್ನು ನೋಡಿದಾಗಲೆಲ್ಲ ಮಗುವನ್ನು ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದಳಂತೆ.

ಅದೇ ವಾರ ಮಂಡಳಿಯಲ್ಲಿ ಇನ್ನೊಂದು ದುರ್ಘಟನೆ ನಡೆಯಿತು. ವಿದ್ಯುತ್ ಉಳಿಸಿದ್ದಕ್ಕಾಗಿ ಉಳಿತಾಯಾಧಿಕಾರಿಗಳಿಗೆ ಮೇಲಿನಿಂದ ಪ್ರಶಸ್ತಿ ಬಂದಿತ್ತು. ಪ್ರಶಸ್ತಿಯ ಆದೇಶವನ್ನು ಶುಭವಾಗಲೆಂದು ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ನಮೂದಿಸಿದರು. ಅದು ಹೋಯಿತು. ಅವರು ಹಾರ ಹಾಕಿಸಿಕೊಂಡ ಫೋಟೋ ಇತ್ತು, ಹಾರವೂ ಇತ್ತು, ಪ್ರಶಸ್ತಿ ಮಾತ್ರ ದಾಖಲೆಯಲ್ಲಿ ಇರಲಿಲ್ಲ. ಅವರು ಕೆಂಪು ಕೆಂಪಗಾಗಿ ಡಿಸ್ಕಮ್ಮನ ಮೇಜಿನ ಬಳಿಗೆ ಬಂದರು.

“ನಿಮ್ಮ ಡ್ರೈವರಿನಲ್ಲಿ ಅದೇನೋ ಪಟ್ಟಿ ಇದೆಯಂತಲ್ಲ?”

ಇತ್ತು. ಮಲಗಿಸಿದರೆ ಎಡವಟ್ಟು ಮಾಡುವ ಡಿಸ್ಕುಗಳ ಹೆಸರನ್ನು ಕರ್ನಲ್ಲಿನ ಒಳಗೇ ಬರೆದಿಡುವ ಪಟ್ಟಿ ಅದು. ತಯಾರಕರು ಯಾರು, ಮಾದರಿ ಯಾವುದು, ದೋಷವೇನು ಎಂದು ಮೂರು ಕಾಲಮು. ಅದರಲ್ಲಿ ಹೆಸರಿರುವ ಡಿಸ್ಕನ್ನು ಕರ್ನಲ್ ಮಲಗಿಸುವುದಿಲ್ಲ. ಆದರೆ ತಮ್ಮ ಡಿಸ್ಕಿಗೆ ದೋಷವಿದೆ ಎಂದು ಯಾವ ಕಂಪನಿಯೂ ಒಪ್ಪಲಿಲ್ಲವಾಗಿ ಪಟ್ಟಿ ಖಾಲಿ ಬಿದ್ದಿತ್ತು. ಮುಖ್ಯವಾದ ಸಂಗತಿ ಏನೆಂದರೆ, ಆ ಪಟ್ಟಿ ಕರ್ನಲ್ಲಿನ ಜೊತೆಗೇ ತಯಾರಾಗಿ, ಪ್ರತಿಯೊಂದು ಯಂತ್ರಕ್ಕೂ ಹೋಗಿ ಕೂರುತ್ತಿತ್ತು. ಲೋಕದಲ್ಲಿ ಬರೆದದ್ದು ಬರೆದಂತೆ ಉಳಿಯುತ್ತಿದ್ದ ಜಾಗ ಅದೊಂದೇ.

“ಅದಕ್ಕೆ ನನ್ನ ಪ್ರಶಸ್ತಿಯನ್ನು ಸೇರಿಸಿ” ಎಂದರು ಉಳಿತಾಯಾಧಿಕಾರಿಗಳು.

“ಅದು ಡಿಸ್ಕುಗಳ ಪಟ್ಟಿ ಸರ್. ಅದೂ ಕೆಟ್ಟ ಡಿಸ್ಕುಗಳದ್ದು.”

“ಪ್ರಶಸ್ತಿಯನ್ನೂ ಒಂದು ಡಿಸ್ಕ್ ಅಂತ ತಿಳಿದುಕೊಳ್ಳಿ. ಪದಕ ಗುಂಡಗೇ ಇದೆ.”

“ದೋಷ ಏನಂತ ಬರೀಲಿ?”

ಅವರು ಕ್ಷಣ ಯೋಚಿಸಿ, ‘ಮಲಗಿಸಿದಲ್ಲಿ ಕಾಣೆಯಾಗುತ್ತದೆ’ ಎಂದು ಬರೆಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಿರ್ದೇಶಕರ ಅನುಮೋದನೆ ಆಯಿತು. ಪಟ್ಟಿಗೆ ಮೊದಲ ಹೆಸರು ಬಿತ್ತು.

ಡಿಸ್ಕಮ್ಮ ಒಂದು ರಾತ್ರಿಯೂ ಕಾಯಲಿಲ್ಲ. ಅಂದೇ ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಹೋದಳು. “ಸರ್, ನನ್ನ ತಂಗಿ ಮಗುವನ್ನೂ ಆ ಪಟ್ಟಿಗೆ ಸೇರಿಸಬೇಕು.”

“ಮಗು ಡಿಸ್ಕಲ್ಲವಲ್ಲಮ್ಮ.”

“ಪ್ರಶಸ್ತಿಯೂ ಅಲ್ಲ ಸರ್.”

ನಿರ್ದೇಶಕರು ಇದನ್ನು ಒಪ್ಪಿದರು. ಪೂರ್ವನಿದರ್ಶನವಿರುವ ಯಾವ ತಪ್ಪನ್ನೂ ಅವರು ತಮ್ಮ ಸೇವಾವಧಿಯಲ್ಲಿ ತಡೆದವರಲ್ಲ. ಆದರೆ ದೋಷ ದೃಢಪಡಬೇಕು, ಅದಕ್ಕೆ ತಾಂತ್ರಿಕ ಪರೀಕ್ಷೆ ಆಗಬೇಕು ಎಂದರು. ಮಗುವಿನ ವಿಷಯದಲ್ಲಿ ಸಮಿತಿ ರಚಿಸಲು ಅಡ್ಡಿಯಿರಲಿಲ್ಲ.

ಪರೀಕ್ಷೆ ಮಂಡಳಿಯ ಪ್ರಯೋಗಾಲಯದಲ್ಲಿ ನಡೆಯಿತು. ಸಮಿತಿಯ ಸದಸ್ಯರು ನಿಯಮದಂತೆ ಶೂ ಕಳಚಿ, ಮೈಯ ವಿದ್ಯುತ್ತು ಸಾಧನಕ್ಕೆ ತಾಗದಿರಲೆಂದು ಮಣಿಕಟ್ಟಿಗೆ ತಂತಿಪಟ್ಟಿ ಕಟ್ಟಿಕೊಂಡರು. ಮಗುವನ್ನು ರಬ್ಬರ್ ಹಾಸಿನ ಮೇಲೆ ಮಲಗಿಸಲಾಯಿತು. ತಂಗಿ ಒಂದು ಕಡೆ, ಅಮ್ಮ ಒಂದು ಕಡೆ. ಅಧ್ಯಕ್ಷತೆ ಉಳಿತಾಯಾಧಿಕಾರಿಗಳದ್ದು.

“ಸಾಧನ ನಿಷ್ಕ್ರಿಯ ಸ್ಥಿತಿಗೆ ಹೋಗಲಿ” ಎಂದರು ಅವರು.

“ಏನಂತೆ?” ಎಂದಳು ಅಮ್ಮ.

“ಮಗು ಮಲಗಲಿ ಅಂತ” ಎಂದಳು ಡಿಸ್ಕಮ್ಮ.

ಅಮ್ಮ ಮೆಲ್ಲಗೆ ಬೆನ್ನು ತಟ್ಟುತ್ತಾ ಹಾಡಲು ಶುರುಮಾಡಿದಳು. ಮಗುವಿಗಿಂತ ಮೊದಲು ಸಮಿತಿಯ ಇಬ್ಬರು ಸದಸ್ಯರು ನಿಷ್ಕ್ರಿಯರಾದರು. ಕೊನೆಗೆ ಮಗುವೂ ಕಣ್ಣು ಮುಚ್ಚಿತು. ಪ್ರಯೋಗಾಲಯದ ಫ್ಯಾನುಗಳು ಗುಂಯ್ ಎನ್ನುತ್ತಿದ್ದವು. ನಿಜವಾಗಿ ಹೇಳಬೇಕೆಂದರೆ ಆ ಕೋಣೆಯಲ್ಲಿ ಅಷ್ಟು ನೆಮ್ಮದಿ ಹಿಂದೆಂದೂ ಇದ್ದದ್ದಿಲ್ಲ.

“ಈಗ ಎಬ್ಬಿಸಿ” ಎಂದರು ಅಧ್ಯಕ್ಷರು.

“ಮಲಗಿರೋ ಮಗುವನ್ನ ಎಬ್ಬಿಸ್ತಾರೇನಪ್ಪಾ? ತಲೆ ನೆಟ್ಟಗಿದೆಯಾ ನಿನಗೆ?” ಎಂದಳು ಅಮ್ಮ.

ಆದರೆ ರಜೆಯ ಪ್ರಶ್ನೆ. ತಂಗಿ ಕಣ್ಣು ಒರೆಸಿಕೊಂಡು ಮಗುವಿನ ಅಂಗಾಲನ್ನು ಕೆರೆದಳು. ಮಗು ಒಮ್ಮೆ ಸುತ್ತ ನೋಡಿ, ತಂತಿ ಕಟ್ಟಿಕೊಂಡ ಅಷ್ಟೂ ಜನರನ್ನು ಕಂಡು, ಕಟ್ಟಡ ಅದುರುವ ಹಾಗೆ ಕಿರುಚಿತು. ಇಬ್ಬರು ಸದಸ್ಯರು ಬೆಚ್ಚಿಬಿದ್ದು ಎದ್ದು, ಒಪ್ಪಿಗೆ, ಒಪ್ಪಿಗೆ ಎಂದರು. ಅಧ್ಯಕ್ಷರು ಮಗುವಿಗೆ ‘ನಿನ್ನ ಸ್ಥಿತಿ ತಿಳಿಸು’ ಎಂದು ಮೂರು ಬಾರಿ ವಿಧ್ಯುಕ್ತವಾಗಿ ಕೇಳಿದರು. ಸಮರ್ಪಕ ಉತ್ತರ ಬರಲಿಲ್ಲ.

“ಇದನ್ನು ನಿಲ್ಲಿಸುವ ವಿಧಾನ?” ಎಂದು ಅವರು ಕಿವಿ ಮುಚ್ಚಿಕೊಂಡು ಕೇಳಿದರು.

“ಎತ್ಕೋಬೇಕು ಕಣಪ್ಪಾ, ಇನ್ನೇನು?” ಎಂದ ಅಮ್ಮ ಮಗುವನ್ನು ಅವರ ತೋಳಿಗೇ ಕೊಟ್ಟುಬಿಟ್ಟಳು. ಮಗು ಅವರ ಮಣಿಕಟ್ಟಿನ ತಂತಿಪಟ್ಟಿ ಹಿಡಿದು ಎಳೆಯುತ್ತಾ ಸುಮ್ಮನಾಯಿತು. ಉಳಿತಾಯಾಧಿಕಾರಿಗಳು ಎಷ್ಟೋ ಹೊತ್ತು ಅದನ್ನು ಕೆಳಗಿಳಿಸಲಿಲ್ಲ. ಒಂದು ಕೈಯಲ್ಲೇ ವರದಿ ಬರೆದರು.

ಪಟ್ಟಿಗೆ ಸೇರಿದ ನಮೂದು ಹೀಗಿತ್ತು: ‘ತಯಾರಕರು: ಬಸ್ ಕಂಡಕ್ಟರ್ ಮತ್ತು ಅವರ ಯಜಮಾನರು. ಮಾದರಿ: ಹೆಣ್ಣು, ಮೊದಲನೆಯ ಆವೃತ್ತಿ. ದೋಷ: ಎಬ್ಬಿಸಿದಲ್ಲಿ ತೀವ್ರವಾಗಿ ಪ್ರತಿಭಟಿಸುವುದು. ಪುನಶ್ಚೇತನಕ್ಕೆ ಎತ್ತಿಕೊಳ್ಳುವುದು ಕಡ್ಡಾಯ.’

ಹೊಸ ಕರ್ನಲ್ ಹೊರಟಿತು. ಡಿಪೋದ ವ್ಯವಸ್ಥಾಪಕರು ಟಿಕೆಟ್ ಯಂತ್ರವೊಂದನ್ನು ತೆಗೆದು ನೋಡಿದರು, ಅದರೊಳಗೆ ಮಗು ಇತ್ತು. ಇನ್ನೊಂದನ್ನು ತೆಗೆದರು, ಅದರಲ್ಲೂ ಇತ್ತು. ಇಷ್ಟು ಕಡೆ ಇರುವ ಮಗುವನ್ನು ಇಲ್ಲವೆನ್ನಲು ಬರುವುದಿಲ್ಲವೆಂದು ಅವರು ತಂಗಿಯ ರಜೆಯನ್ನು ಮಂಜೂರು ಮಾಡಿದ್ದಲ್ಲದೆ ಶುಭಾಶಯವನ್ನೂ ಹೇಳಿ ಕಳಿಸಿದರು. ತಂಗಿ ಫೋನಿನಲ್ಲಿ ಅತ್ತಳು. ಡಿಸ್ಕಮ್ಮನೂ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಸುದ್ದಿ ಗಾಳಿಯಂತೆ ಹಬ್ಬಿತು. ನಿರ್ದೇಶಕರ ಮಗನ ಮದುವೆ ಪಟ್ಟಿಗೆ ಸೇರಿತು. ದೋಷದ ಕಾಲಮಿನಲ್ಲಿ ಏನು ಬರೆಯಬೇಕೆಂದು ಎರಡೂ ಮನೆಯವರು ಚರ್ಚಿಸಿ ಬಗೆಹರಿಸಿಕೊಂಡರು. ಮನೆ, ಸೈಟು, ಪದವಿ, ಚಾಲನಾ ಪರವಾನಗಿ ಎಲ್ಲ ಬಂದವು. ತಮ್ಮ ಆಸ್ತಿ ದೋಷಪೂರಿತವಾಗಿದೆ ಎಂದು ಸಾಬೀತುಪಡಿಸಲು ಜನ ಶಿಫಾರಸು ಹಿಡಿದು ಓಡಾಡಿದರು. ನೋಂದಣಿ ಕಚೇರಿಯ ಗುಮಾಸ್ತನೂ ಒಂದು ದಿನ ನಾಚುತ್ತಾ ಬಂದು, ತನ್ನ ನೇಮಕಾತಿಯನ್ನು ಸೇರಿಸಿಕೊಂಡು ಹೋದ. ಮಂಡಳಿ ಪಟ್ಟಿಗೊಂದು ಪ್ರತ್ಯೇಕ ವಿಭಾಗ, ಅದಕ್ಕೊಂದು ನಿರೀಕ್ಷಣಾ ಕೊಠಡಿ ಮಾಡಿತು. ವಿಭಾಗದ ಮುಖ್ಯಸ್ಥೆ ಡಿಸ್ಕಮ್ಮ. ಪಟ್ಟಿಯಲ್ಲಿ ಇನ್ನೂ ಒಂದೇ ಒಂದು ಡಿಸ್ಕಿನ ಹೆಸರೂ ಇರಲಿಲ್ಲ.

ಪಟ್ಟಿ ಬೆಳೆದೂ ಬೆಳೆದೂ ಕರ್ನಲ್ಲು ಉಬ್ಬಿಹೋಯಿತು. ಯಂತ್ರಗಳು ಎಲ್ಲರ ಹೆಸರನ್ನೂ ಓದಿ ಮುಗಿಸಿ ಕೆಲಸಕ್ಕೆ ಕೂರುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಉಳಿಸಿದ ವಿದ್ಯುತ್ತೆಲ್ಲ ಹೆಸರು ಓದುವುದಕ್ಕೇ ಖರ್ಚಾಯಿತು. ಕಡೆಗೊಂದು ದಿನ ನಿರ್ದೇಶಕರು ಡಿಸ್ಕಮ್ಮನನ್ನು ಕರೆಸಿ, ಕುರ್ಚಿ ತೋರಿಸಿ, ತಾವೇ ಟೀ ಬಗ್ಗಿಸಿ ಕೊಟ್ಟರು.

“ನೀವು ಹೇಳಿದ್ದೇ ಸರಿ ಕಣಮ್ಮ. ನಾನು ಒಪ್ಕೋತೀನಿ. ಡ್ರೈವರಿನ ಆ ಮೂರನ್ನ ತೆಗೆದು ಒಂದು ಮಾಡಿಬಿಡೋಣ. ನಿಯಮ ನಾನು ನೋಡ್ಕೋತೀನಿ. ಡಿಸ್ಕುಗಳು ಎಚ್ಚರವಾಗಿದ್ರೆ ಯಾರ ದಾಖಲೆಯೂ ಹೋಗಲ್ಲ, ಈ ಪಟ್ಟಿಯೂ ಬೇಕಾಗಲ್ಲ. ಪೂರ್ತಿ ಅಳಿಸಿಬಿಡಬಹುದು.”

ಡಿಸ್ಕಮ್ಮನಿಗೆ ಮೊದಲ ಗುಟುಕಿಗೆ ಸಂತೋಷವೇ ಆಯಿತು. ಇಷ್ಟು ದಿನ ಅವಳು ಕೇಳಿದ್ದು ಅದನ್ನೇ ತಾನೇ? ಎರಡನೇ ಗುಟುಕಿಗೆ ಪಟ್ಟಿಯ ಎರಡನೇ ಹೆಸರು ನೆನಪಾಯಿತು.

“ಪೂರ್ತಿ ಅಳಿಸಬೇಕಾ ಸರ್?”

“ಇನ್ನೇನು ಮತ್ತೆ? ಅದರಲ್ಲಿ ಇರೋರು ಹೊಸದಾಗಿ ಸಾಲಲ್ಲಿ ನಿಂತು ನೋಂದಾಯಿಸ್ಕೊಳ್ಳಲಿ.”

ಸಾಲು. ಕೌಂಟರು. ಅವಳಿ ಜವಳಿಯ ಕೌಂಟರು. ತಂಗಿಯ ರಜೆ ಇನ್ನೂ ಅರ್ಧ ಬಾಕಿಯಿತ್ತು. ಮಗು ಈಗ ತಾನೇ ಮಗ್ಗುಲಾಗಲು ಕಲಿತಿತ್ತು. ಟಿಕೆಟ್ ಯಂತ್ರದಿಂದ ಮಗು ಅಳಿಸಿಹೋದ ದಿನವೇ ಡಿಪೋದಿಂದ ಪತ್ರ ಹೊರಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಡಿಸ್ಕಮ್ಮ ಕಪ್ಪನ್ನು ಮೇಜಿನ ಮೇಲಿಟ್ಟಳು.

“ಡಿಫಾಲ್ಟನ್ನ ಹೀಗೆಲ್ಲ ಏಕಾಏಕಿ ಬದಲಾಯಿಸಬಾರದು ಸರ್. ಜನ ಅದಕ್ಕೆ ಹೊಂದಿಕೊಂಡಿರ್ತಾರೆ.”

“ಅಲ್ಲಮ್ಮ, ನೀವೇ ಅಂದಿದ್ರಲ್ಲ...”

“ಅಂದಿದ್ದೆ ಸರ್. ಆಗ ನನಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ.”

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಡಿಸ್ಕುಗಳು ಮಲಗ್ತಾನೇ ಇರ್ತವೆ. ಮೊದಲು ನಿಂತವರದ್ದು ಹೋಗ್ತಾನೇ ಇರುತ್ತೆ. ಅವರ ಗತಿ?”

“ಇರಲಿ ಬಿಡಿ ಸರ್. ಬೇಕಾದವರೆಲ್ಲ ಪಟ್ಟಿಯಲ್ಲಿದ್ದಾರಲ್ಲ.”

ನಿರ್ದೇಶಕರಿಗೆ ತಮ್ಮ ಮಗನ ಮದುವೆ ನೆನಪಾಗಿರಬೇಕು. ಅವರು ಬಹಳ ಹೊತ್ತು ತಲೆದೂಗಿದರು. ಸಂಜೆಯ ವೇಳೆಗೆ ಸುತ್ತೋಲೆ ಸಿದ್ಧವಾಗಿ, ಎಲ್ಲ ವಿಭಾಗಗಳಿಗೂ ಹೋಯಿತು. ಉಳಿತಾಯಾಧಿಕಾರಿಗಳು ಅದಕ್ಕೆ ಎಲ್ಲರಿಗಿಂತ ಮೊದಲು ರುಜು ಹಾಕಿದರು.

‘ಸಂರಕ್ಷಕಿಯವರ ಮನವಿಯ ಮೇರೆಗೆ ಹಾಲಿ ಡಿಫಾಲ್ಟನ್ನೇ ಮುಂದುವರಿಸಲು ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿದೆ. ಇದರಿಂದ ಸಾರ್ವಜನಿಕರಲ್ಲಿ ಇದುವರೆಗೆ ಯಾರಿಗೂ ಅನನುಕೂಲವಾಗಿಲ್ಲ. ಆಗಿದ್ದಲ್ಲಿ ಅದು ದಾಖಲಾಗಿರುತ್ತಿತ್ತು.’